ಸಸ್ಯಜನ್ಯ ವಿಷದಿಂದ ಮಕ್ಕಳ ರಕ್ತದಲ್ಲಿ ಸಕ್ಕರೆಯ ಕುಸಿತ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ಸಾರ್ವಜನಿಕರಿಗೆ ಮಾಹಿತಿ

ರಾತ್ರಿ ಆರೋಗ್ಯವಾಗಿ ಮಲಗಿದ ಮಗುವು ನಸುಕಿನಲ್ಲಿ ಸೆಳವಿಗೆ ಒಳಗಾಗಿ ಎಚ್ಚರ ತಪ್ಪಿದಲ್ಲಿ ಅದನ್ನು ಮಿದುಳು ಜ್ವರವೆಂದು ಭಾವಿಸುವುದು ರೂಢಿಯಲ್ಲಿದೆ. ಬಹುಪಾಲು ಸಂದರ್ಭಗಳಲ್ಲಿ ಈ ಭಾವನೆ ತಪ್ಪಲ್ಲ. ಆದರೆ ಕೆಲವು ಸಸ್ಯಗಳ ಹಣ್ಣು, ಬೀಜ ಅಥವಾ ಸೊಪ್ಪಿನಲ್ಲಿರುವ ವಿಷವು ಯಾವುದೇ ರೋಗಾಣುವಿನ ನೆರವಿಲ್ಲದೆ ಇದೇ ಲಕ್ಷಣಗಳನ್ನು ಉಂಟುಮಾಡಬಲ್ಲದು. ಅಂತಹ ಮಗುವಿನ ರಕ್ತದಲ್ಲಿ ಸಕ್ಕರೆಯ ಪ್ರಮಾಣ ಅಪಾಯಕಾರಿ ಮಟ್ಟಕ್ಕೆ ಕುಸಿದಿರುತ್ತದೆ. ಅದನ್ನು ಸಕಾಲದಲ್ಲಿ ಗುರುತಿಸಿ ಗ್ಲೂಕೋಸ್ ನೀಡಿದಲ್ಲಿ ಮಗು ಬದುಕುಳಿಯುವ ಸಾಧ್ಯತೆ ಹೆಚ್ಚು. ತಡವಾದಲ್ಲಿ ಮಿದುಳಿಗೆ ಶಾಶ್ವತ ಹಾನಿ ಅಥವಾ ಸಾವು ಸಂಭವಿಸಬಹುದು. ಕಲಬುರಗಿ ಜಿಲ್ಲೆಯ ಪೂರ್ವ ಹಾಗೂ ದಕ್ಷಿಣ ಭಾಗದ ನಾಗರಿಕರ ತಿಳುವಳಿಕೆಗಾಗಿ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಮುಜಫ್ಫರಪುರದ ಪ್ರಕರಣ

ಬಿಹಾರ ರಾಜ್ಯದ ಮುಜಫ್ಫರಪುರ ಜಿಲ್ಲೆಯು ಲಿಚಿ ಹಣ್ಣಿಗೆ ಹೆಸರಾದುದು. 1995ರಿಂದೀಚೆಗೆ ಅಲ್ಲಿ ಮೇ ಮಧ್ಯಭಾಗದಿಂದ ಜೂನ್ ಕೊನೆಯವರೆಗೆ, ಅಂದರೆ ಲಿಚಿ ಕೊಯ್ಲಿನ ದಿನಗಳಲ್ಲಿ, ಮಕ್ಕಳು ನಸುಕಿನಲ್ಲಿ ಸೆಳವಿನೊಂದಿಗೆ ಎಚ್ಚರ ತಪ್ಪುವ ಕಾಯಿಲೆಯು ಮತ್ತೆ ಮತ್ತೆ ಕಾಣಿಸಿಕೊಂಡಿತು. ಮಳೆ ಆರಂಭವಾಗುತ್ತಲೇ ಕಾಯಿಲೆಯೂ ನಿಲ್ಲುತ್ತಿತ್ತು. ಜಪಾನೀಸ್ ಎನ್ಸೆಫಲೈಟಿಸ್, ಇತರ ವೈರಾಣುಗಳು, ಕೀಟನಾಶಕ, ಬಿಸಿಲಿನ ಆಘಾತ ಹೀಗೆ ಹಲವು ಕಾರಣಗಳನ್ನು ಶಂಕಿಸಲಾಯಿತು. ಯಾವುದೂ ಖಚಿತಪಡಲಿಲ್ಲ.

2013 ಮತ್ತು 2014ರಲ್ಲಿ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರವು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಹಯೋಗದೊಂದಿಗೆ ಕ್ರಮಬದ್ಧ ತನಿಖೆ ಕೈಗೊಂಡಿತು. 2014ರ ಮೇ 26ರಿಂದ ಜುಲೈ 17ರವರೆಗೆ ಮುಜಫ್ಫರಪುರದ ಎರಡು ಆಸ್ಪತ್ರೆಗಳಿಗೆ 390 ಮಕ್ಕಳು ದಾಖಲಾದರು; ಅವರಲ್ಲಿ 122 ಮಕ್ಕಳು, ಅಂದರೆ ಶೇ. 31ರಷ್ಟು, ಮೃತಪಟ್ಟರು. ದಾಖಲಾದಾಗ ರಕ್ತ ಪರೀಕ್ಷೆಗೆ ಒಳಪಟ್ಟ 327 ಮಕ್ಕಳ ಪೈಕಿ 204 ಮಕ್ಕಳಲ್ಲಿ ಸಕ್ಕರೆಯ ಪ್ರಮಾಣ 70 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದಿತು. ಬೆನ್ನುಹುರಿಯ ದ್ರವವನ್ನು ಪರೀಕ್ಷಿಸಿದಾಗ 62 ಮಕ್ಕಳಲ್ಲಿ 52 ಮಕ್ಕಳಿಗೆ ಸೋಂಕನ್ನು ಸೂಚಿಸುವಷ್ಟು ಬಿಳಿರಕ್ತಕಣಗಳೇ ಇರಲಿಲ್ಲ. ಮಿದುಳಿನ ಉರಿಯೂತವೆಂದು ಕರೆಯಲಾಗುತ್ತಿದ್ದ ಈ ಕಾಯಿಲೆಯಲ್ಲಿ ಉರಿಯೂತವೇ ಇರಲಿಲ್ಲವೆಂಬುದು ಇದರಿಂದ ಬಹುಮಟ್ಟಿಗೆ ಸ್ಪಷ್ಟವಾಯಿತು.

ತನಿಖಾ ತಂಡವು ಕಾಯಿಲೆಗೆ ಒಳಗಾದ 104 ಮಕ್ಕಳನ್ನು, ಬೇರೆ ಕಾರಣಗಳಿಗಾಗಿ ಆಸ್ಪತ್ರೆಗೆ ಬಂದಿದ್ದ ಅಷ್ಟೇ ಸಂಖ್ಯೆಯ ಮಕ್ಕಳೊಂದಿಗೆ ಹೋಲಿಸಿತು. ಹಿಂದಿನ 24 ಗಂಟೆಗಳಲ್ಲಿ ಲಿಚಿ ತಿಂದಿರುವುದು ಕಾಯಿಲೆಯೊಂದಿಗೆ ಬಲವಾದ ಸಂಬಂಧ ಹೊಂದಿತ್ತು. ಹಿಂದಿನ ಸಂಜೆ ಊಟ ಮಾಡದೆ ಇದ್ದುದು ಎರಡನೆಯ ಅಂಶ. ಲಿಚಿ ತಿಂದು, ರಾತ್ರಿ ಊಟವಿಲ್ಲದೆ ಮಲಗಿದ ಮಕ್ಕಳಲ್ಲಿ ಅಪಾಯವು ಊಟ ಮಾಡಿ ಮಲಗಿದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚಿದ್ದಿತು. ಪ್ರಯೋಗಾಲಯದಲ್ಲಿ 73 ಮಕ್ಕಳ ಮೂತ್ರದ ಮಾದರಿಗಳ ಪೈಕಿ 48ರಲ್ಲಿ ಲಿಚಿಯ ವಿಷಾಂಶದಿಂದ ಉಂಟಾಗುವ ವಸ್ತುಗಳು ಪತ್ತೆಯಾದವು. ಹೋಲಿಕೆಗೆ ತೆಗೆದುಕೊಂಡ 15 ಮಕ್ಕಳಲ್ಲಿ ಒಬ್ಬರಲ್ಲಿಯೂ ಅವು ಇರಲಿಲ್ಲ. ಈ ಫಲಿತಾಂಶಗಳು 2017ರ ಆರಂಭದಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದವು.

ವಿಷವು ದೇಹದಲ್ಲಿ ವರ್ತಿಸುವ ಬಗೆ

ಲಿಚಿ ಹಣ್ಣಿನಲ್ಲಿರುವ ವಿಷಾಂಶಗಳು ಎರಡು. ಒಂದು ಹೈಪೋಗ್ಲೈಸಿನ್-ಎ; ಇನ್ನೊಂದು ಮೀಥಿಲೀನ್ ಸೈಕ್ಲೋಪ್ರೊಪೈಲ್ ಗ್ಲೈಸಿನ್, ಸಂಕ್ಷಿಪ್ತವಾಗಿ ಎಂಸಿಪಿಜಿ. ಎರಡೂ ಅಮೈನೋ ಆಮ್ಲಗಳ ವರ್ಗಕ್ಕೆ ಸೇರಿದವು. ಇವು ಹೇಗೆ ಕೆಲಸ ಮಾಡುತ್ತವೆಂಬುದನ್ನು ತಿಳಿಯಲು, ರಾತ್ರಿ ಊಟವಿಲ್ಲದ ಹೊತ್ತಿನಲ್ಲಿ ದೇಹವು ತನ್ನನ್ನು ತಾನು ಹೇಗೆ ನಿಭಾಯಿಸಿಕೊಳ್ಳುತ್ತದೆಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಮಿದುಳಿಗೆ ಸಕ್ಕರೆಯು ಎಡೆಬಿಡದೆ ಪೂರೈಕೆಯಾಗುತ್ತಿರಬೇಕು. ಊಟವಾದ ಬಳಿಕ ಹೆಚ್ಚಾದ ಸಕ್ಕರೆಯು ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಶೇಖರವಾಗುತ್ತದೆ. ಇದು ಅಡುಗೆಮನೆಯ ಡಬ್ಬಿಯಲ್ಲಿರುವ ಹಿಟ್ಟಿನಂತೆ. ಕೈಗೆ ಬೇಗ ಸಿಗುತ್ತದೆ, ಬೇಗ ತೀರಿಯೂ ಹೋಗುತ್ತದೆ. ಚಿಕ್ಕ ಮಕ್ಕಳ ಯಕೃತ್ತು ಚಿಕ್ಕದು, ಮಿದುಳಿನ ಬೇಡಿಕೆಯೋ ದೊಡ್ಡದು. ಆದುದರಿಂದ ಈ ಸಂಗ್ರಹವು ಒಂದು ರಾತ್ರಿಯ ಅವಧಿಯಲ್ಲಿಯೇ ಬಹುಪಾಲು ಮುಗಿಯಬಹುದು. ಅಪೌಷ್ಟಿಕತೆಯಿಂದ ಬಳಲುವ ಮಗುವಿನಲ್ಲಿ ಅದು ಇನ್ನೂ ಬೇಗ ಬರಿದಾಗುತ್ತದೆ.

ಗ್ಲೈಕೋಜನ್ ತೀರಿದ ಮೇಲೆ ಯಕೃತ್ತು ಇತರ ವಸ್ತುಗಳಿಂದ ಸಕ್ಕರೆಯನ್ನು ಹೊಸದಾಗಿ ತಯಾರಿಸತೊಡಗುತ್ತದೆ. ಈ ತಯಾರಿಕೆಗೆ ಶಕ್ತಿ ಬೇಕು. ಆ ಶಕ್ತಿಯು ದೊರೆಯುವುದು ದೇಹದ ಕೊಬ್ಬಿನಿಂದ ಬಿಡುಗಡೆಯಾಗುವ ಕೊಬ್ಬಿನಾಮ್ಲಗಳು ಜೀವಕೋಶದ ಮೈಟೋಕಾಂಡ್ರಿಯಾಗಳಲ್ಲಿ ಹಂತಹಂತವಾಗಿ ಒಡೆದು ದಹಿಸುವುದರಿಂದ. ಕೊಬ್ಬಿನಾಮ್ಲವು ತಾನೇ ಸಕ್ಕರೆಯಾಗುವುದಿಲ್ಲ; ಸಕ್ಕರೆಯ ಅಡುಗೆಗೆ ಅದು ಸೌದೆ. ಮಿಗಿಲಾಗಿ, ಅದೇ ದಹನದಿಂದ ಹುಟ್ಟುವ ಕೀಟೋನ್ ಎಂಬ ವಸ್ತುಗಳು ಸಕ್ಕರೆಯ ಕೊರತೆಯಿದ್ದಾಗ ಮಿದುಳಿಗೆ ಬದಲಿ ಆಹಾರವಾಗುತ್ತವೆ.

ಹೈಪೋಗ್ಲೈಸಿನ್ ದೇಹವನ್ನು ಸೇರಿದ ಮೇಲೆ ಮಾರ್ಪಾಡು ಹೊಂದಿ, ಕೊಬ್ಬಿನಾಮ್ಲವನ್ನು ಒಡೆಯುವ ಮೊದಲ ಹಂತದ ಕಿಣ್ವಗಳಾದ ಅಸೈಲ್ ಕೋ-ಎ ಡಿಹೈಡ್ರೋಜಿನೇಸ್‌ಗಳಿಗೆ ಅಂಟಿಕೊಂಡು ಅವುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಎಂಸಿಪಿಜಿಯು ಅದೇ ಸರಪಳಿಯ ಮುಂದಿನ ಹಂತದ ಕಿಣ್ವಗಳನ್ನು ತಡೆಯುತ್ತದೆ. ಪರಿಣಾಮವಾಗಿ ಒಲೆಯೂ ಇದೆ, ಸೌದೆಯೂ ಇದೆ, ಆದರೆ ಸೌದೆ ಉರಿಯುವುದಿಲ್ಲ. ಹೊಸ ಸಕ್ಕರೆ ತಯಾರಾಗುವುದಿಲ್ಲ, ಕೀಟೋನ್ ದೊರೆಯುವುದಿಲ್ಲ. ಅರ್ಧ ಒಡೆದ ಕೊಬ್ಬಿನಾಮ್ಲಗಳು ರಕ್ತದಲ್ಲಿ ಶೇಖರವಾಗಿ ಮಿದುಳಿಗೆ ಮತ್ತಷ್ಟು ಹಾನಿ ಮಾಡುತ್ತವೆ. ಕಿಣ್ವಕ್ಕೆ ಒಮ್ಮೆ ಅಂಟಿದ ವಿಷವು ಸುಲಭವಾಗಿ ಬಿಡುವುದಿಲ್ಲ. ದೇಹವು ಹೊಸ ಕಿಣ್ವವನ್ನು ತಯಾರಿಸಿಕೊಳ್ಳುವವರೆಗೆ ತಡೆ ಮುಂದುವರಿಯುತ್ತದೆ. ಒಮ್ಮೆ ಗ್ಲೂಕೋಸ್ ಕೊಟ್ಟು ಮಗು ಕಣ್ಣು ತೆರೆದ ಕೂಡಲೇ ಮನೆಗೆ ಕರೆದೊಯ್ಯಬಾರದೆಂದು ವೈದ್ಯರು ಹೇಳುವುದು ಈ ಕಾರಣಕ್ಕಾಗಿಯೇ.

ಹೊಟ್ಟೆ ತುಂಬಿರುವ ಮಗುವಿನಲ್ಲಿ ಈ ವಿಷ ಸೇರಿದರೂ ಸಾಮಾನ್ಯವಾಗಿ ಅಪಾಯವಾಗದಿರುವುದೇಕೆಂಬುದು ಮೇಲಿನ ವಿವರಣೆಯಿಂದ ತಿಳಿಯುತ್ತದೆ. ಗ್ಲೈಕೋಜನ್ ಸಂಗ್ರಹ ಇರುವವರೆಗೆ ಕೊಬ್ಬಿನ ಸೌದೆಯ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ. ಮುಜಫ್ಫರಪುರದಲ್ಲಿ ಪಟ್ಟಣಗಳ ಅನುಕೂಲಸ್ಥ ಕುಟುಂಬಗಳ ಮಕ್ಕಳೂ ಲಿಚಿ ತಿಂದರು. ಕಾಯಿಲೆ ಬಂದುದು ಬಹುಮಟ್ಟಿಗೆ ಬಡ ಗ್ರಾಮೀಣ ಕುಟುಂಬಗಳ ಮಕ್ಕಳಿಗೆ, ಹಗಲೆಲ್ಲಾ ತೋಟದಲ್ಲಿ ಬಿದ್ದ ಕಾಯಿ, ಹಣ್ಣುಗಳನ್ನು ಆಯ್ದು ತಿಂದು ಸಂಜೆ ಊಟ ಬೇಡವೆಂದು ಮಲಗಿದವರಿಗೆ.

ಜಮೈಕಾದಿಂದ ಬಂದ ಹೆಸರು

ಹೈಪೋಗ್ಲೈಸಿನ್ ಮೊದಲು ಪತ್ತೆಯಾದುದು ಲಿಚಿಯಲ್ಲಿ ಅಲ್ಲ. ಲಿಚಿಯ ಕುಟುಂಬಕ್ಕೇ ಸೇರಿದ ಆಕಿ ಎಂಬ ಮರವು ಜಮೈಕಾ ದೇಶದಲ್ಲಿ ಹೇರಳವಾಗಿದ್ದು, ಅದರ ಹಣ್ಣು ಅಲ್ಲಿನ ರಾಷ್ಟ್ರೀಯ ಹಣ್ಣಾಗಿದೆ. ಪಕ್ವವಾಗಿ ತಾನಾಗಿಯೇ ಬಿರಿದ ಹಣ್ಣನ್ನು ಮಾತ್ರ ಬೇಯಿಸಿ ತಿನ್ನುತ್ತಾರೆ. ಬಲಿಯದ ಕಾಯಿಯನ್ನು ತಿಂದವರಿಗೆ ತೀವ್ರ ವಾಂತಿ, ಸೆಳವು, ಸಾವು ಉಂಟಾಗುತ್ತಿದ್ದು, ಇದಕ್ಕೆ ಜಮೈಕಾದ ವಾಂತಿ ರೋಗವೆಂದೇ ಹೆಸರಾಗಿತ್ತು. 1950ರ ದಶಕದ ಮಧ್ಯದಲ್ಲಿ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯ ಕಾಲೇಜಿನ ಹ್ಯಾಸಲ್ ಮತ್ತು ರೇಲ್ ಎಂಬ ರಸಾಯನಶಾಸ್ತ್ರಜ್ಞರು ಇದರ ವಿಷಾಂಶವನ್ನು ಬೇರ್ಪಡಿಸಿ, ರಕ್ತದ ಸಕ್ಕರೆಯನ್ನು ಇಳಿಸುವ ಗುಣದಿಂದಾಗಿ ಈ ಹೆಸರನ್ನಿಟ್ಟರು. ಲಿಚಿ ಬೀಜದಲ್ಲಿ ಎಂಸಿಪಿಜಿ ಇರುವುದು 1962ರಲ್ಲಿಯೇ ವರದಿಯಾಗಿತ್ತು. ಆ ವರದಿಗೂ ಮುಜಫ್ಫರಪುರದ ಮಕ್ಕಳಿಗೂ ಇರುವ ನಂಟು ತಿಳಿಯಲು ಅರ್ಧ ಶತಮಾನ ಹಿಡಿಯಿತು. 1998ರಲ್ಲಿ ಆಫ್ರಿಕಾದ ಬುರ್ಕಿನಾ ಫಾಸೊ ದೇಶದಲ್ಲಿ ಆಕಿ ಕಾಯಿಯಿಂದ 29 ಪುಟ್ಟ ಮಕ್ಕಳು ಮೃತಪಟ್ಟ ಘಟನೆಯೂ ದಾಖಲಾಗಿದೆ.

ಲಿಚಿಯೊಂದೇ ಕಾರಣವೆಂಬ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ. ತೀವ್ರ ಬಿಸಿಲು, ಆರ್ದ್ರತೆ ಹಾಗೂ ಅಪೌಷ್ಟಿಕತೆಗಳನ್ನು ಮುಖ್ಯವೆಂದು ಪರಿಗಣಿಸುವವರೂ ಇದ್ದಾರೆ; ಮುಜಫ್ಫರಪುರದ ರಾಷ್ಟ್ರೀಯ ಲಿಚಿ ಸಂಶೋಧನಾ ಕೇಂದ್ರವು ಹಣ್ಣಿನ ಮೇಲೆ ದೋಷ ಹೊರಿಸುವುದನ್ನು ಒಪ್ಪಿಲ್ಲ. ಆದಾಗ್ಯೂ ರಾತ್ರಿ ಊಟ ಹಾಗೂ ತಕ್ಷಣದ ಗ್ಲೂಕೋಸ್ ಎಂಬ ಎರಡು ಸಲಹೆಗಳನ್ನು ಜಾರಿಗೊಳಿಸಿದ ನಂತರದ ವರ್ಷಗಳಲ್ಲಿ ಕಾಯಿಲೆ ಇಳಿಮುಖವಾಯಿತು. 2019ರ ಜೂನ್‌ನಲ್ಲಿ ಅದು ಮರುಕಳಿಸಿ ನೂರಕ್ಕೂ ಹೆಚ್ಚು ಮಕ್ಕಳು ಮೃತಪಟ್ಟರು. ವಿಜ್ಞಾನದ ವಾದ ಮುಗಿಯುವವರೆಗೆ ಊಟವನ್ನು ಮುಂದೂಡಲಾಗದೆಂಬುದು ಆ ವರ್ಷ ಮನವರಿಕೆಯಾಯಿತು.

ನಮ್ಮ ಭಾಗಕ್ಕೆ ಇದರ ಸಂಬಂಧ

ಸೇಡಂ, ಚಿತ್ತಾಪುರ, ಶಹಾಬಾದ್ ಅಥವಾ ಚಿಂಚೋಳಿ ತಾಲ್ಲೂಕುಗಳ ತೊಗರಿ, ಜೋಳದ ಭೂಮಿಯಲ್ಲಿ ಲಿಚಿಯು ಬೆಳೆಯಾಗಿಲ್ಲ. ಕರ್ನಾಟಕದಲ್ಲಿ ಅದು ಕೊಡಗಿನಂತಹ ತಂಪು ಪ್ರದೇಶದಲ್ಲಿ ಅಲ್ಪ ಪ್ರಮಾಣದಲ್ಲಿದ್ದು, ಅಲ್ಲಿ ಹಣ್ಣಾಗುವುದು ಚಳಿಗಾಲದಲ್ಲಿ. ಬೇಸಿಗೆಯ ಕೊನೆಗೆ ಪೇಟೆಗೆ ಬರುವ ಲಿಚಿಯು ಉತ್ತರ ಭಾರತದ್ದು. ಹೊಟ್ಟೆ ತುಂಬಿದ ಮಗುವು ಚೆನ್ನಾಗಿ ಮಾಗಿದ ಕೆಲವು ಹಣ್ಣುಗಳನ್ನು ತಿನ್ನುವುದರಿಂದ ಭಯಪಡಬೇಕಾದುದಿಲ್ಲ. ಬರಿ ಹೊಟ್ಟೆಯಲ್ಲಿ ಕೊಡಬಾರದು. ಹಸಿರು ಸಿಪ್ಪೆಯ ಕಾಯಿಯನ್ನು ಹಾಗೂ ಬೀಜವನ್ನು ತಿನ್ನಲು ಬಿಡಬಾರದು. ವಾಡಿ, ಶಹಾಬಾದ್ ಕಡೆಯ ಸಿಮೆಂಟ್ ಕಾರ್ಖಾನೆ ಮತ್ತು ಕಲ್ಲುಗಣಿಗಳಲ್ಲಿ ದುಡಿಯುತ್ತಾ ರಜೆಗೆ ಬಿಹಾರದ ಊರುಗಳಿಗೆ ಹೋಗಿಬರುವ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಲಿಚಿಗಿಂತ ಹೆಚ್ಚಿನ ಗಮನ ಬೇಕಾದುದು ನಮ್ಮ ಹೊಲ, ಹಳ್ಳ, ಬೀದಿಬದಿಗಳಲ್ಲಿ ತಾವಾಗಿಯೇ ಬೆಳೆಯುವ ಎರಡು ಕಳೆಗಿಡಗಳಿಗೆ.

ಮೊದಲನೆಯದು ಮರುಳುಮತ್ತಿ. ಕೊಕ್ಕೆಮುಳ್ಳಿನ ಅದರ ಕಾಯಿಗಳು ಬಟ್ಟೆಗೂ ಕುರಿಯ ಉಣ್ಣೆಗೂ ಅಂಟಿಕೊಳ್ಳುವುದರಿಂದ ಹೆಸರು ತಿಳಿಯದವರೂ ಗಿಡವನ್ನು ಬಲ್ಲರು. ನೀರು ಇಳಿದ ಕೆರೆಯಂಗಳ, ನದಿದಂಡೆಗಳಲ್ಲಿ ಇದು ಸೊಂಪಾಗಿ ಬೆಳೆಯುತ್ತದೆ. ಇದರ ಬೀಜದಲ್ಲಿಯೂ, ಆಗತಾನೇ ಮೊಳೆತು ಎರಡು ಎಲೆಯಾಗಿರುವ ಸಸಿಯಲ್ಲಿಯೂ ಕಾರ್ಬಾಕ್ಸಿಅಟ್ರಾಕ್ಟಿಲೋಸೈಡ್ ಎಂಬ ತೀವ್ರ ವಿಷವಿದೆ. ಮೈಟೋಕಾಂಡ್ರಿಯಾದಲ್ಲಿ ಸಿದ್ಧವಾದ ಶಕ್ತಿಯು ಹೊರಬರುವ ಬಾಗಿಲನ್ನೇ ಇದು ಮುಚ್ಚುತ್ತದೆ. ಹೈಪೋಗ್ಲೈಸಿನ್‌ನ ದಾರಿ ಬೇರೆ, ಇದರ ದಾರಿ ಬೇರೆ. ಯಕೃತ್ತು ಸಕ್ಕರೆ ತಯಾರಿಸಲಾರದೆ ಹೋಗುವುದು ಎರಡರಲ್ಲಿಯೂ ಸಮಾನ. 2007ರ ಕೊನೆಯ ತಿಂಗಳುಗಳಲ್ಲಿ ಬಾಂಗ್ಲಾದೇಶದ ಸಿಲ್ಹೆಟ್ ಜಿಲ್ಲೆಯಲ್ಲಿ ಪ್ರವಾಹದ ನಂತರ ಧಾನ್ಯ ದೊರೆಯದೆ ಜನರು ಈ ಎಳೆ ಸಸಿಗಳನ್ನು ಸೊಪ್ಪಿನಂತೆ ಬೇಯಿಸಿ ತಿಂದರು. 76 ಮಂದಿ ಅಸ್ವಸ್ಥರಾಗಿ, ನಾಲ್ವರಲ್ಲಿ ಒಬ್ಬರಂತೆ ಮೃತಪಟ್ಟರು. ಮಳೆಗಾಲದ ಮೊದಲಲ್ಲಿ ಹೊಲದ ಸೊಪ್ಪನ್ನು ಆಯ್ದು ಪಲ್ಯ ಮಾಡುವ ಪದ್ಧತಿ ನಮ್ಮಲ್ಲಿಯೂ ಇರುವುದರಿಂದ, ಗುರುತು ಖಚಿತವಿಲ್ಲದ ಎಳೆ ಸಸಿಗಳನ್ನು ಕೀಳಬಾರದು. ದನಕರುಗಳಿಗೂ ಈ ಸಸಿ ಮಾರಕ.

ಎರಡನೆಯದು ದೊಡ್ಡ ತಗಚಿ. ಸೊಪ್ಪಿಗಾಗಿ ಬಳಸುವ ಸಾಮಾನ್ಯ ತಗಚಿಗೆ ಮೂರು ಜೊತೆ, ತುದಿ ದುಂಡಗಿನ ಕಿರುಎಲೆಗಳಿರುತ್ತವೆ. ದೊಡ್ಡ ತಗಚಿಯಲ್ಲಿ ನಾಲ್ಕರಿಂದ ಆರು ಜೊತೆ, ಮೊನಚು ತುದಿಯ ಎಲೆಗಳಿದ್ದು, ಉಜ್ಜಿದಾಗ ದುರ್ವಾಸನೆ ಬರುತ್ತದೆ, ಕಾಯಿ ಚಪ್ಪಟೆ. ಹಸಿದ ಮಕ್ಕಳು ಅವರೆ, ಬಟಾಣಿಯಂತೆ ಇದರ ಕಾಯಿ ಸುಲಿದು ಬೀಜ ತಿನ್ನುವುದುಂಟು. ಪಶ್ಚಿಮ ಉತ್ತರ ಪ್ರದೇಶದಲ್ಲಿ ಚಳಿಗಾಲದಲ್ಲಿ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ನಿಗೂಢ ಕಾಯಿಲೆಗೆ ಈ ಬೀಜವೇ ಕಾರಣವೆಂದು 2007ರಲ್ಲಿ ಸಂಶೋಧಕರು ತೋರಿಸಿದರು. ಒಡಿಶಾದ ಮಲ್ಕಾನ್‌ಗಿರಿಯಲ್ಲಿ 2016ರಲ್ಲಿ ಹಲವಾರು ಮಕ್ಕಳು ಸತ್ತಾಗಲೂ ಇದೇ ಗಿಡದತ್ತ ತಜ್ಞರ ತಂಡವು ಬೊಟ್ಟು ಮಾಡಿತು. ಇದು ಯಕೃತ್ತು, ಸ್ನಾಯು ಮತ್ತು ಮಿದುಳು ಮೂರನ್ನೂ ಕೆಡಿಸುತ್ತದೆ. ಯಕೃತ್ತು ಕೆಟ್ಟಾಗ ಸಕ್ಕರೆಯೂ ಕುಸಿಯುತ್ತದೆ. ಅಂಗನವಾಡಿ ಮತ್ತು ಶಾಲೆಗಳ ಸುತ್ತ ಕಾಯಿ ಕಟ್ಟುವ ಮೊದಲೇ ಈ ಗಿಡಗಳನ್ನು ಬೇರುಸಹಿತ ಕೀಳಿಸುವಂತೆ ಗ್ರಾಮ ಪಂಚಾಯಿತಿಗೆ ಅಥವಾ ಪುರಸಭೆಗೆ ಬಿಳಿ ಹಾಳೆಯಲ್ಲಿ ಅರ್ಜಿ ನೀಡಬಹುದು.

ರಾತ್ರಿಯ ಊಟ

ಗಿಡವನ್ನು ಕೀಳಬಹುದು, ಬರಿ ಹೊಟ್ಟೆಯ ರಾತ್ರಿಯನ್ನು ತಪ್ಪಿಸುವುದು ಅದಕ್ಕಿಂತ ಕಠಿಣ. ಕೂಲಿಗಾಗಿ ತಂದೆತಾಯಿ ದೊಡ್ಡ ನಗರಗಳಿಗೆ ಹೋದಾಗ ಹಳ್ಳಿ, ತಾಂಡಾಗಳಲ್ಲಿ ಮಕ್ಕಳು ವಯೋವೃದ್ಧರ ಪಾಲನೆಯಲ್ಲಿ ಉಳಿಯುತ್ತಾರೆ. ಸಂಜೆ ಆಡಿ ದಣಿದ ಮಗು ಹಾಗೆಯೇ ನಿದ್ದೆಹೋದರೆ ಎಬ್ಬಿಸಿ ಉಣಿಸುವವರಿರುವುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಲೆಗೆ ರಜೆಯಿದ್ದು ಬಿಸಿಯೂಟವೂ ಇರುವುದಿಲ್ಲ. ಬರಪೀಡಿತ ತಾಲ್ಲೂಕುಗಳಲ್ಲಿ 2024ರ ರಜೆಯಲ್ಲಿ ಬಿಸಿಯೂಟ ನೀಡಿದ್ದುಂಟು. ಅಪೌಷ್ಟಿಕತೆಯ ಕಾರಣದಿಂದಲೇ 2021ರ ಡಿಸೆಂಬರ್‌ನಲ್ಲಿ ಕಲಬುರಗಿ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ವಿತರಣೆಯನ್ನು ಆರಂಭಿಸಲಾಯಿತು.

ಮಲಗುವ ಮುನ್ನ ಅರ್ಧ ರೊಟ್ಟಿ ಬೇಳೆ, ಒಂದು ಬಟ್ಟಲು ಅನ್ನ, ನುಚ್ಚು, ಗಂಜಿ, ಏನಾದರೂ ಸರಿ, ಮಗುವಿನ ಹೊಟ್ಟೆ ಸೇರಬೇಕು. ಇದಕ್ಕೆ ವಿಶೇಷ ಆಹಾರದ ಅಗತ್ಯವಿಲ್ಲ. ತೀರಾ ಕೃಶವಾದ ಮಗುವನ್ನು ಅಂಗನವಾಡಿ ಕಾರ್ಯಕರ್ತೆಯು ತೂಕ ಮಾಡಿ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸಿಕೊಡುತ್ತಾರೆ. ಅಲ್ಲಿ ತಾಯಿಯೊಂದಿಗೆ ಉಳಿದು ಚಿಕಿತ್ಸೆ ಪಡೆಯಬಹುದು. ಇದು ಉಚಿತ.

ಮಗುವಿಗೆ ತೊಂದರೆಯಾದಾಗ

ಎಬ್ಬಿಸಿದರೂ ಮಂಕಾಗಿರುವುದು, ಬೆವರುವುದು, ನಡುಕ, ಅಸಂಬದ್ಧ ಮಾತು, ವಾಂತಿ, ಕಣ್ಣು ಮೇಲೆ ಸಿಕ್ಕಿಸುವುದು, ಸೆಳವು: ಇವು ಸಕ್ಕರೆ ಕುಸಿದಿರುವುದರ ಲಕ್ಷಣಗಳಾಗಿರಬಹುದು. ಜ್ವರ ಇರಬಹುದು, ಇಲ್ಲದಿರಲೂಬಹುದು. ಮಗುವಿಗೆ ಎಚ್ಚರವಿದ್ದು ನುಂಗಬಲ್ಲದಾದರೆ ಸಕ್ಕರೆ ಅಥವಾ ಬೆಲ್ಲದ ನೀರನ್ನು ತಕ್ಷಣ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಎಚ್ಚರ ತಪ್ಪಿದ್ದಲ್ಲಿ ಅಥವಾ ಸೆಳವು ಇದ್ದಲ್ಲಿ ಕುಡಿಯಲು ಏನನ್ನೂ ಕೊಡಬಾರದು, ಅದು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡತಕ್ಕದ್ದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಕೈಗೆ ಕಬ್ಬಿಣ ಹಿಡಿಸುವುದು, ದೃಷ್ಟಿ ತೆಗೆಸಲು ಕಾಯುವುದು ಇವುಗಳಿಂದ ಕಳೆಯುವ ಪ್ರತಿ ನಿಮಿಷವೂ ಮಿದುಳಿಗೆ ನಷ್ಟ.

ಮೊದಲು ತಲುಪಬಹುದಾದ ಸರ್ಕಾರಿ ಆಸ್ಪತ್ರೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವುದು ಸೂಕ್ತ. ನೇರವಾಗಿ ಕಲಬುರಗಿಗೇ ಹೋಗುವೆವೆಂದು ಹೊರಡುವುದು, ಅದರಲ್ಲಿಯೂ ದೂರದ ಚಿಂಚೋಳಿ ಕಡೆಯಿಂದ, ಅಪಾಯಕಾರಿ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಗ್ಲೂಕೋಮೀಟರ್‌ನಲ್ಲಿ ನೋಡಲು ಒಂದು ನಿಮಿಷ ಸಾಕು. ಸಕ್ಕರೆ ಕಡಿಮೆಯಿದ್ದಲ್ಲಿ ಶೇ. 10ರ ಡೆಕ್ಸ್‌ಟ್ರೋಸ್ ದ್ರಾವಣವನ್ನು ಮಗುವಿನ ತೂಕದ ಪ್ರತಿ ಕಿಲೋಗೆ 5 ಮಿ.ಲೀ.ನಂತೆ ರಕ್ತನಾಳದ ಮೂಲಕ ನೀಡುತ್ತಾರೆ. ಹತ್ತು ಕಿಲೋ ಮಗುವಿಗೆ 50 ಮಿ.ಲೀ. ಅನಂತರ ಹೆಚ್ಚಿನ ಚಿಕಿತ್ಸೆಗೆ ಜಿಲ್ಲಾ ಕೇಂದ್ರಕ್ಕೆ ಕಳುಹಿಸಬಹುದು. "ಮಗುವಿನ ಸಕ್ಕರೆ ನೋಡಿದ್ದೀರಾ" ಎಂದು ಕೇಳಲು ಪೋಷಕರು ಸಂಕೋಚಪಡಬಾರದು. ಮಗು ಏನು ತಿಂದಿತ್ತು, ಕೊನೆಯ ಊಟ ಯಾವಾಗ ಆಯಿತೆಂಬುದನ್ನು ಮುಚ್ಚಿಡದೆ ತಿಳಿಸಿ, ಶಂಕೆಯಿರುವ ಕಾಯಿ, ಬೀಜ, ಸೊಪ್ಪನ್ನು ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಬೇಕು.

ವಿಷಪ್ರಾಶನವೆಂದು ಹೇಳಿದರೆ ಪೊಲೀಸ್ ಪ್ರಕರಣವಾಗುವುದೆಂಬ ಅಂಜಿಕೆಯಿಂದ ಕೆಲವರು ವಿಷಯ ಮರೆಮಾಚುವರು. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕ್ರಮಬದ್ಧ ಕೆಲಸವಷ್ಟೆ. ಚಿಕಿತ್ಸೆ ಮೊದಲು, ಕಾನೂನಿನ ವಿಧಿವಿಧಾನ ನಂತರ ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆಧಾರ್ ಅಥವಾ ಪಡಿತರ ಚೀಟಿ ಕೈಯಲ್ಲಿಲ್ಲವೆಂದು ಹೊರಡಲು ತಡಮಾಡಬಾರದು. ಅವನ್ನು ಮನೆಯವರೊಬ್ಬರು ನಂತರ ತಂದರೆ ಸಾಕು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ತುರ್ತು ಸಂದರ್ಭದಲ್ಲಿ ನೋಂದಾಯಿತ ಆಸ್ಪತ್ರೆಗೆ ಶಿಫಾರಸು ಪತ್ರವಿಲ್ಲದೆಯೂ ದಾಖಲಾಗಬಹುದು. ಬಿಡುಗಡೆಯಾಗುವಾಗ ಕೊಡುವ ಚೀಟಿಯಲ್ಲಿ ದಾಖಲಾದಾಗಿನ ಸಕ್ಕರೆಯ ಪ್ರಮಾಣವನ್ನು ಬರೆಯಿಸಿಕೊಂಡು, ಅದರ ಪ್ರತಿಯನ್ನು ಊರಿನ ಆಶಾ ಕಾರ್ಯಕರ್ತೆಗೆ ತೋರಿಸತಕ್ಕದ್ದು. ಅದೇ ಗಿಡವಿರುವ ಕಡೆ ಬೇರೆ ಮಕ್ಕಳೂ ಆಡುತ್ತಿರಬಹುದು.